ಎಡೆದೊರೆ

ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಐದು ಕಾಗದ,
ಮುತ್ತಜ್ಜನ ಜಪಸರ, ಒಂದು ಕಾಲು ಮುರಿದ ಕನ್ನಡಕ,
ಮುದಗಲ್ಲ ಚರ್ಚಿನ ಕಾಣಿಕೆಯ ರಶೀದಿ ಪುಸ್ತಕ.
ಪಾಲಿನಲ್ಲಿ ಯಾರೂ ಬೇಡವೆಂದದ್ದು ನನಗೆ ಬಂತು.

ಕಾಗದ ನಮ್ಮವಲ್ಲ.
ಬರೆದವನು ಸವೇರಪ್ಪ,
ಸಿಕಂದರಾಬಾದಿನ ಛಾವಣಿಯಲ್ಲಿ ಹೆಸರು ಬರೆಸಿ
ಹಡಗು ಹತ್ತಿದ, ಹೇಸರಗತ್ತೆ ಪಲ್ಟನಿನವನು.
ಅವನ ಅಕ್ಕ ತೆರೇಜಮ್ಮ, ಕಂದಕದ ಪಕ್ಕ ಸುಣ್ಣ ಸುಡುವವಳು,
ಅಕ್ಷರ ಬಾರದವಳು.
ಟಪಾಲು ಬಂದ ದಿನ ಕೈ ತಿಕ್ಕಿ ತೊಳೆದುಕೊಂಡು
ಮುತ್ತಜ್ಜನ ಕಟ್ಟೆಯ ಕೆಳಗೆ ಬಂದು ಕೂಡುತ್ತಿದ್ದಳಂತೆ.
ಉಪದೇಶಿ ಜೋಜಪ್ಪ ಗಂಟಲು ಸರಿಮಾಡಿ
ಪ್ರಸಂಗದ ದನಿಯಲ್ಲಿ ಓದುತ್ತಿದ್ದನಂತೆ.
ಕೇಳಿ ಎದ್ದು, "ಇಲ್ಲೇ ಇರಲಿ, ನಮ್ಮ ಮನ್ಯಾಗ ಗೆದ್ದಲ" ಎಂದು
ಬಿಟ್ಟು ಹೋಗುತ್ತಿದ್ದಳಂತೆ.

ಅಕ್ಕಾ, ಇಲ್ಲೂ ನಮ್ಮಂಗ ಎರಡು ಹೊಳಿ.
ಕೃಷ್ಣಿ ತುಂಗಭದ್ರಿ ನಡುವ ನಾವಿದ್ದಂಗ
ಇವರೂ ಎರಡರ ನಡುವ ಸಿಕ್ಕೊಂಡಾರ.
ಇಂಥಾ ಮಣ್ಣಿನ ಮ್ಯಾಲೆ ರಾಜರ ಕಣ್ಣು ಜಾಸ್ತಿ.
ನಮ್ಮ ಕ್ವಾಟಿಯಾಗಿನ ಗುಂಡಿನಾಗ ನೀ ಉಪ್ಪು ಅರೀತಿ,
ಇಲ್ಲಿ ಗುಂಡು ಇನ್ನಾ ಬಿಸಿ ಅದಾವ.

ಆದಾಮ ಏವಳ ತ್ವಾಟ ಇಲ್ಲೇ ಇತ್ತಂತ, ಪಾದ್ರಿ ಹೇಳಿದ್ರು.
ನಾ ಕಂಡದ್ದು ನೊಣ. ಹೊಟ್ಟಿ ಉಬ್ಬಿದ ಹೇಸರಗತ್ತಿ.

ಎರಡನೆಯ ಕಾಗದದ ನಡುವೆ ಸೀಸದ ಕಂಸ,
ಅಂಚಿನಲ್ಲಿ ಮುತ್ತಜ್ಜನ ಸಣ್ಣ ಅಕ್ಷರ: ಓದಲಿಲ್ಲ.
ಕಂಸದೊಳಗೆ:

ಕೊಲ್ಲಬ್ಯಾಡ ಅಂದಾನ ದೇವರು. ನಾ ಕೊಂದಿಲ್ಲ.
ಕೊಲ್ಲಾವರಿಗೆ ನೀರು ಹೊತ್ತೀನಿ, ದಿನಾ ಹದಿನಾರು ಪಖಾಲಿ.
ಇದು ಯಾವ ಪಾಪದ ಲೆಕ್ಕಕ್ಕ ಹೊಂದತೈತಿ,
ಫಾದರಿಗೆ ಕೇಳಿ ಬರಸು.

ಯಾರೂ ಕೇಳಲಿಲ್ಲ.
"ದೇವರು ಕ್ಷಮಿಸುತ್ತಾನೆ, ಜಪ ಬಿಡಬೇಡ" ಎಂದು
ಮುತ್ತಜ್ಜನೇ ಬರೆದು ಹಾಕಿದ. ಕರಡು ಡಬ್ಬಿಯಲ್ಲೇ ಇದೆ,
ಎರಡು ಸಲ ತಿದ್ದಿದ್ದು.

ಮೂರನೆಯದಕ್ಕೆ ಇಬ್ಬರ ಕೈ ಬಿದ್ದಿದೆ.
ಸರಕಾರದ ಕಪ್ಪು ಮಸಿ ಊರಿನ ಹೆಸರನ್ನು ತಿಂದಿದೆ,
ಮುತ್ತಜ್ಜನ ಸೀಸ ಉಳಿದದ್ದನ್ನು.

ನಿನ್ನಿ ▇▇▇▇ ಹಾದಿ ಕಲ್ಲು ಕಂಡೆ.
ಅದೇ ಊರು ಅಕ್ಕಾ, ಅಲಾಯಿ ಕುಣಿ ಸುತ್ತ
ಹುಲಿಯಾಗಿ ನಾ ಕುಣಿದದ್ದು ಯಾರ ನೀರಡಿಕಿಗೋ, ಅವರದು.
ತೋಳು ಹೋದ್ರೂ ಪಖಾಲಿ ಬಿಡಲಿಲ್ಲಂತಲ್ಲ ಒಬ್ಬಾತ,
ಅವನ ಹಾದ್ಯಾಗ ನನ್ನ ಹೇಸರಗತ್ತಿ ನಿಂತು ಬಿಡ್ತು.
ಹೊಡದೆ. ಏಳಲಿಲ್ಲ. ನಾನೂ ಕುಂತೆ.
ನನ್ನ ಹೆಸರಿಲೆ ಸಕ್ಕರಿ ಓದಸು.
ಉಪದೇಶಿಗೆ ಹೇಳಬ್ಯಾಡ.

ಉಪದೇಶಿಯೇ ಓದಬೇಕಾದ ಕಾಗದದಲ್ಲಿ
ಉಪದೇಶಿಗೆ ಹೇಳಬೇಡ ಎಂದು ಬರೆದವನ
ಪೆದ್ದತನಕ್ಕೆ ಮೊದಲು ನಕ್ಕೆ.

ನಾಲ್ಕನೆಯದು ಬರೀ ಒಂದು ಸಾಲು,
ಕೈ ನಡುಗಿದ್ದು: ಚಳಿ ಬಾಳ ಐತಿ, ಆರಾಮದೀನಿ.
ಐದನೆಯದು ಅಚ್ಚಿನ ನಮೂನೆ,
ಖಾಲಿ ಜಾಗದಲ್ಲಿ ನಂಬರು, ತಾರೀಕು, ತಪ್ಪಾದ ಹೆಸರು.
ಅದರಲ್ಲಿ ಕಂಸವಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಹತ್ತಿರ ಹಿಡಿದಾಗ ಕಂಡಿತು.
ಮೂರನೆಯ ಕಾಗದದ ಮಡಿಕೆಯಲ್ಲಿ ಸುಣ್ಣ ತಿಂದ ಕಲೆ,
ಒಂದು ಹೆಬ್ಬೆಟ್ಟಿನಷ್ಟು,
ಸಕ್ಕರೆಯ ಸಾಲಿನ ಮೇಲೇ.

ಕೈ ತೊಳೆದು ಬರುತ್ತಿದ್ದಳಲ್ಲವೇ?

ಸೋದರತ್ತೆಗೆ ಫೋನು ಮಾಡಿದೆ. ಅವಳು ಕೆಮ್ಮಿ, ನಕ್ಕು,
"ಟಪಾಲಿನ ಮೌಲಾಸಾಬ ಮೊದಲು ಭಟ್ಟಿ ಹಂತೇಕ ಹೋಗ್ತಿದ್ದನಂತ.
ಪೂರ್ತಿ ಅಲ್ಲಿ ಕೇಳಿ, ಆಮ್ಯಾಲೆ ನಮ್ಮ ಕಟ್ಟಿಗೆ ಬರ್ತಿದ್ದಳು" ಎಂದಳು.
ಎರಡನೇ ಸಲ ಯಾಕೆ, ಕೇಳಿದೆ.
"ನಿಮ್ಮ ಮುತ್ತಜ್ಜ ಏನು ಬಿಡ್ತಾನ ನೋಡಾಕ" ಎಂದಳೋ,
"ಬ್ಯಾಸರಾಗಬಾರದಂತ" ಎಂದಳೋ,
ಲೈನು ಸರಿ ಇರಲಿಲ್ಲ.

ಎರಡನೆಯ ಕಾಗದವನ್ನೂ ಬಿಸಿಲಿಗೆ ಹಿಡಿದೆ.
ಹದಿನಾರು ಪಖಾಲಿ ಎಂಬಲ್ಲಿ
ಅಂಥದೇ ಕಲೆ, ಒಂದಲ್ಲ,
ಎಣಿಸಿದಂತೆ ಒಂದರ ಪಕ್ಕ ಒಂದು.